ರೇಡಿಯೊಗೆ ಕಾಲು ಕಾಣುವುದಿಲ್ಲ

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗನಿಗೂ ನನಗೂ ಒಂದು ಹಳೇ ತಕರಾರಿದೆ. ಖಾಸಗಿ ಎಫ್‌ಎಂನವರು ಬೆಳಗಿನಿಂದ ರಾತ್ರಿವರೆಗೆ ಹಾಕುವುದೆಲ್ಲ ಕುಣಿಯೋ ಹಾಡೇ ಮಾವ ಅಂತ ಅವನು. ಹಾಕುತ್ತಾರಪ್ಪ, ಆದರೆ ಅದಕ್ಕೆ ಯಾರಾದರೂ ಕುಣಿದದ್ದನ್ನು ತೋರಿಸು ಅಂತ ನಾನು. ಹಬ್ಬಕ್ಕೆ ಬಂದಾಗಲೆಲ್ಲ ಇದು ಊಟದ ಹೊತ್ತಿಗೆ ಶುರುವಾಗಿ ಎಲೆ ಅಡಿಕೆವರೆಗೂ ನಡೆಯುತ್ತದೆ. ಈ ವಿಷಯದಲ್ಲಿ ನಾನು ಸೋಲುವವನಲ್ಲ. ಅಪ್ಪನ ಕಾಲದಿಂದಲೂ ನಮ್ಮದು ಮೈಕ್ ಸೆಟ್ಟಿನ ಮನೆ. ಜಿನನಾಥಪುರ, ಶ್ರವಣಬೆಳಗೊಳ, ಸುತ್ತಲಿನ ಹಳ್ಳಿಗಳ ಮದುವೆ, ನಾಟಕ, ಹಬ್ಬ ಎಲ್ಲಕ್ಕೂ ತೆಂಗಿನ ಮರಕ್ಕೆ ಹಾರನ್ನು ಕಟ್ಟಿದವರು ನಾವು. ಯಾವ ಹಾಡಿಗೆ ಜನ ಎದ್ದರು, ಯಾವುದಕ್ಕೆ ಕೂತೇ ಇದ್ದರು ಅನ್ನುವುದು ನಮಗೆ ಹೊಟ್ಟೆಪಾಡಿನ ಲೆಕ್ಕ.

ನಮ್ಮೂರು ಇರುವುದು ಚಿಕ್ಕಬೆಟ್ಟದ ಹಿಂದೆ. ಬೆಳಗೊಳಕ್ಕೆ ಬರುವ ಪ್ರವಾಸಿಗರು ದೊಡ್ಡಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಬಸ್ಸು ಹತ್ತುತ್ತಾರೆ. ಒಂದು ಕಿಲೋಮೀಟರ್ ಆಚೆ ಬಂದು ನಮ್ಮ ಶಾಂತಿನಾಥ ಬಸದಿ ನೋಡುವವರು ಕಡಿಮೆ. ಊರನ್ನು ಕಟ್ಟಿಸಿದವನು ವಿಷ್ಣುವರ್ಧನನ ದಂಡನಾಯಕ ಗಂಗರಾಜ, ಸುಮಾರು 1117ರಲ್ಲಿ. ಬಸದಿ ಬಂದದ್ದು ಆಮೇಲೆ, 1200ರ ಆಸುಪಾಸಿನಲ್ಲಿ, ಅದನ್ನು ಮಾಡಿಸಿದವನು ರೇಚಣ ದಂಡನಾಯಕ. ಚಿಕ್ಕಬೆಟ್ಟದ ಮೇಲಿನ ಬಸದಿಗಳ ಗೋಡೆ ಬಹುಪಾಲು ಬರೀ ನುಣುಪು ಕಲ್ಲು. ನಮ್ಮದರ ಹೊರಗೋಡೆ ಹಾಗಲ್ಲ. ಜಿನರು, ಯಕ್ಷ ಯಕ್ಷಿಯರು, ಸರಸ್ವತಿ, ಮನ್ಮಥ, ಜೊತೆಗೆ ಕುಣಿಯುವವರು, ಮದ್ದಳೆ ಬಾರಿಸುವವರು. ಎಲ್ಲವನ್ನೂ ಬಿಟ್ಟು ಕುಳಿತ ತೀರ್ಥಂಕರನ ಮನೆಯ ಗೋಡೆಗೆ ಇಷ್ಟು ಕುಣಿತ ಯಾಕೆ ಅಂತ ಚಿಕ್ಕಂದಿನಲ್ಲಿ ನನಗೆ ಸೋಜಿಗ. ಈಗ ಆ ಗೋಡೆಯಲ್ಲಿ ನಾನು ನೋಡುವುದು ಬೇರೆ: ಕುಣಿಸುವವನೂ ಕುಣಿಯುವವಳೂ ಇರುವುದು ಒಂದೇ ಅಂಗಳದಲ್ಲಿ.

ನಮ್ಮ ಕಡೆ ಹಬ್ಬದಲ್ಲಿ ರಂಗ ಕುಣಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕತ್ತಲಾದ ಮೇಲೆ ದೇವಸ್ಥಾನದ ಮುಂದೆ ಒಣಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಾರೆ. ಚರ್ಮ ಬಿಗಿಯಬೇಕು, ಸುಡಬಾರದು. ಅಂಗೈಯಲ್ಲಿ ಸವರಿ, ಬೆರಳಲ್ಲಿ ಒಮ್ಮೆ ಮೀಟಿ, ಇನ್ನೂ ಸಾಲದು ಅನಿಸಿದರೆ ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಮೊದಲು ನಿಧಾನದ ಗತ್ತು. ಮುದುಕರು, ಗೌಡರು, ಸಣ್ಣ ಹುಡುಗರು ಎಲ್ಲ ಸುತ್ತಿಗೆ ಸೇರಿಕೊಳ್ಳುವುದು ಆಗಲೇ. ತಮಟೆಯವನ ಕಣ್ಣು ತಮಟೆಯ ಮೇಲಿರುವುದಿಲ್ಲ, ಕುಣಿಯುವವರ ಕಾಲಿನ ಮೇಲಿರುತ್ತದೆ. ಹೆಜ್ಜೆ ಒಂದೇ ಸಮ ಬಿದ್ದಾಗ ಗತ್ತು ಬದಲಿಸುತ್ತಾನೆ, ಮುದುಕರು ಏದುಸಿರು ಬಿಟ್ಟರೆ ಇಳಿಸುತ್ತಾನೆ, ಹುಡುಗರು ಮಾತ್ರ ಉಳಿದರೋ ಏರಿಸುತ್ತಾನೆ. ಒಂದೇ ವರಸೆ ಅರ್ಧ ತಾಸು ನಡೆದರೂ ನಡೆದೀತು. ಇಷ್ಟು ಬಲ್ಲವರನ್ನು ಹಬ್ಬಕ್ಕೆ ಕರೆಯುತ್ತಿದ್ದ ಊರುಗಳೇ ಊಟಕ್ಕೆ ದೂರ ಕೂರಿಸುತ್ತಿದ್ದವು, ಅದನ್ನೂ ಹೇಳಬೇಕು.

ರೇಡಿಯೊ ಬಂದದ್ದು ಇಂಥ ಊರುಗಳಿಗೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಿಂದಲೇ ಆಕಾಶವಾಣಿ ಶುರು ಮಾಡಿದರು. ಅದರ ದನಿ ವಿದ್ವತ್ತಿನದು: ಸಂಗೀತ, ಭಾಷಣ, ನಾಟಕ. ಅದರಲ್ಲಿ ತಪ್ಪಿಲ್ಲ. ತಪ್ಪು ನಡೆದದ್ದು ಸ್ವಾತಂತ್ರ್ಯ ಬಂದ ಮೇಲೆ. 1952ರಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಅಷ್ಟಕ್ಕಷ್ಟೆ, ಆಕಾಶವಾಣಿಯಲ್ಲಿ ಅವು ಹೆಚ್ಚುಕಡಿಮೆ ನಿಂತೇಹೋದವು. ಜನ ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. ಅದೇ ವರ್ಷ ಅಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾಯಿತು. ಹಲ್ಲುಜ್ಜುವ ಪೇಸ್ಟಿನ ಕಂಪನಿ ದುಡ್ಡು ಕೊಟ್ಟು ನಡೆಸಿದ ಕಾರ್ಯಕ್ರಮ ಅದು. ನಮ್ಮ ದೇಶದ ಕಿವಿಗೆ ಜಾಹೀರಾತಿನ ರೇಡಿಯೊ ರುಚಿ ಹತ್ತಿದ್ದು ಹೀಗೆ, ಹೊರಗಿನ ನೆಲದಿಂದ. ದೆಹಲಿಗೆ ಬುದ್ಧಿ ಬಂದು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. 1967ರ ನವೆಂಬರಿನಲ್ಲಿ ಮುಂಬಯಿ, ಪುಣೆ, ನಾಗಪುರದಿಂದ ಅದರಲ್ಲೇ ಜಾಹೀರಾತು ಬಂತು. ಹಾಡು, ಸೋಪು, ಹಾಡು, ತಲೆನೋವಿನ ಮಾತ್ರೆ ಅನ್ನುವ ಸಾಲು ಆಗ ಹಿಡಿದದ್ದು ಇವತ್ತಿಗೂ ಬದಲಾಗಿಲ್ಲ.

ಅಪ್ಪನ ಹತ್ತಿರ ರೇಡಿಯೊ ಇತ್ತು, ಅದಕ್ಕೆ ಪೋಸ್ಟಾಫೀಸಿನ ಲೈಸೆನ್ಸ್ ಪುಸ್ತಕವೂ ಇತ್ತು. ಬೆಳಿಗ್ಗೆ ವಾರ್ತೆ, ಸಂಜೆ ಕೃಷಿರಂಗ, ರಾತ್ರಿ ಕೋರಿಕೆ ಹಾಡು. ಮನೆಯವರೆಲ್ಲ ಸುತ್ತ ಕೂತು ಕೇಳುತ್ತಿದ್ದೆವು. ಕೂತು, ಅನ್ನುವುದನ್ನು ಗಮನಿಸಿ. ಬಾಡಿಗೆಗೆ ಹೋಗುವಾಗ ಅಪ್ಪ ರೇಡಿಯೊವನ್ನು ಮುಟ್ಟುತ್ತಲೂ ಇರಲಿಲ್ಲ. ತಗಡಿನ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿದ ಪ್ಲೇಟುಗಳು, ಮುಳ್ಳಿನ ಡಬ್ಬಿ, ಅಹುಜಾ ಆಂಪ್ಲಿಫೈಯರು, ಲಾರಿ ಬ್ಯಾಟರಿ, ಎರಡು ಹಾರನ್ನು. ಹುಡುಗರು ಒಂದೇ ಪ್ಲೇಟನ್ನು ಮತ್ತೆ ಮತ್ತೆ ಹಾಕು ಅಂದರೆ ಮತ್ತೆ ಮತ್ತೆ ಹಾಕುವುದು. ಹಾಡು ಮುಗಿಯುವ ಮೊದಲೇ ಮುಳ್ಳು ಎತ್ತಿ ಹಿಂದಕ್ಕೆ ಇಡುವುದರಲ್ಲಿ ಅಪ್ಪನ ಕೈ ಎಷ್ಟು ಪಳಗಿತ್ತೆಂದರೆ, ಕುಣಿಯುವವರಿಗೆ ಹಾಡು ಮುಗಿದು ಮತ್ತೆ ಶುರುವಾದದ್ದೇ ಗೊತ್ತಾಗುತ್ತಿರಲಿಲ್ಲ. ಕೋರಿಕೆ ಕಾರ್ಯಕ್ರಮಕ್ಕೆ ಕಾಗದ ಹಾಕಿ ವಾರಗಟ್ಟಲೆ ಕಾದರೆ ಆ ಹಾಡು ಒಂದು ಸಲ ಬರುತ್ತಿತ್ತು.

ಇದರಲ್ಲಿ ಯಂತ್ರದ್ದೂ ಒಂದು ಮಾತಿದೆ. ಮೀಡಿಯಂ ವೇವ್‌ನಲ್ಲಿ ಬರುವ ಹಾಡಿಗೆ ಮೇಲಿನ ಕಿಣಿಕಿಣಿ ಇರುವುದಿಲ್ಲ, ಅಂಗೈ ಅಗಲದ ಟ್ರಾನ್ಸಿಸ್ಟರ್ ಸ್ಪೀಕರಿಗೆ ತಳದ ಗುಮ್ಮು ಹೊರಡುವುದಿಲ್ಲ. ಉಳಿಯುವುದು ನಡುವಿನ ಮನುಷ್ಯ ಕಂಠ. ಮಾತಿಗೂ ಭಾವಗೀತೆಗೂ ಅಷ್ಟು ಸಾಕು, ತಮಟೆ ಡೋಲಿಗೆ ಸಾಲದು. ಪಕ್ಕದ ಊರಿನ ಕೋಲಾಟದ ತಂಡ ಒಮ್ಮೆ ರೆಕಾರ್ಡಿಂಗಿಗೆ ಹೋಗಿ ಬಂದು ಹೇಳಿದ್ದೂ ಇದೇ ಜಾತಿಯ ಮಾತು. ಸ್ಟುಡಿಯೊದಲ್ಲಿ ಅವರನ್ನು ಮೈಕಿನ ಮುಂದೆ ನಿಲ್ಲಿಸಿ, ಹಾಡಿ, ಕೋಲು ಹುಯ್ಯಿರಿ, ಕಾಲು ಮಾತ್ರ ಎತ್ತಬೇಡಿ ಅಂದರಂತೆ. ಗೆಜ್ಜೆ ಬಿಚ್ಚಿಸಿದ್ದರಂತೆ. ನೆಲದ ಸದ್ದು ಮೈಕಿಗೆ ಸೇರಿದರೆ ಹಾಡು ಕೇಳುವುದಿಲ್ಲ, ಎಂಜಿನಿಯರು ಹೇಳಿದ್ದು ಸರಿಯೇ. ನಿಂತು ಆಡಿದ ಆ ಕೋಲಾಟ ರೇಡಿಯೊದಲ್ಲಿ ಬಂದ ದಿನ ಊರೆಲ್ಲ ಕೇಳಿತು, ಚೆನ್ನಾಗಿಯೂ ಇತ್ತು. ತಂಡದ ಯಜಮಾನರು ಮಾತ್ರ ‘ಹೆಜ್ಜೆ ಇಲ್ದೆ ಪದ ಓಡಿಹೋಗೈತೆ’ ಅಂದುಬಿಟ್ಟರು. ಕಾಲು ತಡೆಯದೆ ಹೋದರೆ ಹಾಡಿನ ಓಟ ನಿಜವಾಗಿಯೂ ಹೆಚ್ಚುತ್ತದೆ.

ಕ್ಯಾಸೆಟ್ ಬಂದ ಮೇಲೆ ನಮ್ಮ ಕಸುಬಿಗೆ ಸುಗ್ಗಿ. 1987ರಲ್ಲಿ ಪ್ರೇಮಲೋಕ ಬಂದಾಗ ಹಂಸಲೇಖರ ಹಾಡುಗಳ ಕ್ಯಾಸೆಟ್ಟು ಚನ್ನರಾಯಪಟ್ಟಣದ ಅಂಗಡಿಗೆ ಬಂದಷ್ಟೂ ಖರ್ಚು. ಟೇಪು ಎಳೆದು, ಸುಕ್ಕಾಗಿ, ಪೆನ್ಸಿಲ್ಲಿನಲ್ಲಿ ಸುತ್ತಿ ಮತ್ತೆ ಹಾಕಿದ ಕ್ಯಾಸೆಟ್ಟುಗಳು ನಮ್ಮ ಅಟ್ಟದಲ್ಲಿ ಇನ್ನೂ ಇವೆ. ತೊಂಬತ್ತರ ದಶಕದ ಹೊತ್ತಿಗೆ ಹಾಸನಕ್ಕೇ ಆಕಾಶವಾಣಿ ಬಂತು, 102.2ರಲ್ಲಿ. ನಮ್ಮೂರಿಗೆ ಚೊಕ್ಕವಾಗಿ ಕೇಳುವ ನಿಲಯ ಅದು, ಇವತ್ತಿಗೂ ನಮ್ಮ ಮನೆಯಲ್ಲಿ ಬೆಳಗಾಗುವುದು ಅದರಿಂದಲೇ. ಅದು ಕುಣಿಸುತ್ತೇನೆ ಅಂತ ಯಾವತ್ತೂ ಹೇಳಿದ್ದಿಲ್ಲ, ಅದರ ಮೇಲೆ ನನಗೆ ತಕರಾರೂ ಇಲ್ಲ.

ಕುಣಿಸುತ್ತೇವೆ ಅಂತ ಹೇಳಿಕೊಂಡು ಬಂದವರು 2001ರ ನಂತರದವರು. ಆ ವರ್ಷ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ 91 ಶುರುವಾಯಿತು, ದೇಶದ ಮೊದಲ ಖಾಸಗಿ ಎಫ್‌ಎಂ. ಎಸ್.ಪಿ. ರಸ್ತೆಗೆ ಯೂನಿಟ್ಟು, ವೈರು ತರಲು ಹೋದಾಗ ನಾನು ಕೇಳಿದ್ದು. ಆಗ ಅಲ್ಲಿ ಕನ್ನಡ ಕಡಿಮೆ, ಹಿಂದಿ ಇಂಗ್ಲಿಷೇ ಜಾಸ್ತಿ. ಕನ್ನಡದವರು ಗಲಾಟೆ ಎಬ್ಬಿಸಿದರು. 2005ರ ಹೊಸ ನೀತಿಯ ಮೇಲೆ ಮಿರ್ಚಿ, ಬಿಗ್, ಫೀವರ್ ಅಂತ ನಿಲಯಗಳು ಹೆಚ್ಚಿದವು, ಕೇಳುವವರು ಯಾರು ಅನ್ನುವ ಲೆಕ್ಕ ಸಿಕ್ಕಿತು, ಕನ್ನಡ ಮುಂದಕ್ಕೆ ಬಂತು. 2006ರ ಕೊನೆಯಲ್ಲಿ ಮುಂಗಾರು ಮಳೆ ಬಿಡುಗಡೆಯಾದ ಮೇಲಂತೂ ಯಾವ ಆಟೋದಲ್ಲಿ ಕೂತರೂ ಮನೋಮೂರ್ತಿಯವರ ರಾಗ. ಆದರೆ ಮರುವರ್ಷದ ಮೆರವಣಿಗೆಗಳಲ್ಲಿ ನನ್ನನ್ನು ಆ ಹಾಡು ಹಾಕು ಅಂತ ಕೇಳಿದವರು ಇಲ್ಲವೇ ಇಲ್ಲ. ಕೇಳುತ್ತಿದ್ದದ್ದು ಅದಕ್ಕೂ ಹಿಂದಿನ ಜೋಗಿ ಸಿನಿಮಾದ ಹಾಡುಗಳನ್ನು.

ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ತಮಾಷೆ ನಡೆಯಿತು. ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಲೈಸೆನ್ಸ್ ಬೇಕೆನ್ನುವ 2005ರ ಆದೇಶ ಹಿಡಿದು ಪೊಲೀಸರು ಪಬ್ಬುಗಳಲ್ಲಿ ಕುಣಿತ ನಿಲ್ಲಿಸಿದರು. ಗಾಳಿಯ ತುಂಬ ಕುಣಿಯೋ ಹಾಡು, ನೆಲದ ಮೇಲೆ ಕುಣಿದರೆ ಕೇಸು.

ಫೋನಿನಲ್ಲೇ ಎಫ್‌ಎಂ ಬಂದ ಕಾಲದಲ್ಲಿ ಮೈಸೂರು ಕಡೆಯ ಒಂದು ಮದುವೆಗೆ ಹೋಗಿದ್ದೆ. ದಿಬ್ಬಣದ ಹುಡುಗರಿಗೆ ಪೆನ್‌ಡ್ರೈವಿನ ಹಾಡೆಲ್ಲ ಹಳತಾಯಿತು, ರೇಡಿಯೊ ಹಾಕಣ್ಣ ಅಂದರು. ಫೋನಿಗೆ ಇಯರ್‌ಫೋನಿನ ವೈರೇ ಆಂಟೆನಾ, ಅದಿಲ್ಲದೆ ಎಫ್‌ಎಂ ಹಿಡಿಯುವುದಿಲ್ಲ. ಅದರ ಜಾಗಕ್ಕೆ ಆಂಪ್ಲಿಫೈಯರಿನ ವೈರು ಸಿಕ್ಕಿಸಿ, ಗೊರ್ ಅನ್ನುವುದನ್ನು ಹೇಗೋ ಅಡಗಿಸಿ ಹಾಕಿದೆ. ಒಳ್ಳೆ ಹಾಡೇ ಬಂತು. ಹುಡುಗರು ಕೈ ಎತ್ತಿ, ಮದುಮಗನನ್ನೂ ಎಳೆದುಕೊಂಡು, ಪಲ್ಲವಿಯ ಎರಡನೇ ಸುತ್ತಿಗೆ ಕಾಲು ಕೂಡಿತ್ತು ಅನ್ನುವಷ್ಟರಲ್ಲಿ ಹಾಡಿನ ಮೇಲೆಯೇ ಆರ್‌ಜೆ ಮಾತು ಶುರು, ಹಿಂದೆಯೇ ನಿವೇಶನ ಮಾರುವವರ ಜಾಹೀರಾತು, ಆಮೇಲೆ ಚಿನ್ನದ ಅಂಗಡಿ, ಆಮೇಲೆ ಕೋಚಿಂಗ್. ಎತ್ತಿದ ಕೈ ಇಳಿಸಲಾಗದೆ ನಿಂತವರ ಮುಖ ನೋಡಬೇಕಿತ್ತು. ನಿವೇಶನದ ಬೆಲೆ ಕೇಳಿ ಒಬ್ಬ ಮುದುಕರು ಮಾತ್ರ ಕಿವಿ ನಿಮಿರಿಸಿದರು.

ಅಕ್ಕನ ಮಗನಿಗೆ ಈ ವ್ಯಾಪಾರದ ಒಳಸುದ್ದಿ ಗೊತ್ತು. ನಿಲಯದವರು ಹಾಡು ಆರಿಸುವ ಮೊದಲು ಕೆಲವರಿಗೆ ಅದರ ಒಂದು ತುಣುಕು ಕೇಳಿಸಿ ಇಷ್ಟವೋ ಬೇಸರವೋ ಕೇಳುತ್ತಾರಂತೆ. 2007ರಿಂದ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಕೇಳುಗರ ಲೆಕ್ಕವನ್ನು ಡೈರಿ ಬರೆಸಿ ತೆಗೆಯುವ ವ್ಯವಸ್ಥೆ ಬಂತು. ಜಾಹೀರಾತಿನ ದುಡ್ಡು ಹುಟ್ಟುವುದು ಬೆಳಿಗ್ಗೆ ಸಂಜೆಯ ಟ್ರಾಫಿಕ್ಕಿನಲ್ಲಿ, ಅಡುಗೆಮನೆಯಲ್ಲಿ. ಸ್ಟೇರಿಂಗ್ ಹಿಡಿದವನಿಗೆ, ಒಗ್ಗರಣೆ ಹಾಕುತ್ತಿರುವವಳಿಗೆ ಬೇಸರವಾಗದಂಥ ಹಾಡು ಬೇಕು, ಎದ್ದು ಕುಣಿಸುವಂಥದ್ದು ಬಂದರೆ ಅಪಾಯವೇ. ಹಾಗಾಗಿ ಅವರು ಆರಿಸುವುದು ಬೇರೆಲ್ಲೋ ಕುಣಿದು ಗೆದ್ದ ಹಾಡುಗಳನ್ನು: ಥಿಯೇಟರಿನಲ್ಲಿ, ಕಾಲೇಜು ವಾರ್ಷಿಕೋತ್ಸವದಲ್ಲಿ, ನಮ್ಮಂಥವರ ಬಾಕ್ಸಿನ ಮುಂದೆ. 2018ರಲ್ಲಿ ರ‍್ಯಾಂಬೋ 2 ಸಿನಿಮಾದ ‘ಚುಟು ಚುಟು’ ಹಾಡನ್ನು ನಾನು ರೇಡಿಯೊದಲ್ಲಿ ಕೇಳುವ ಹೊತ್ತಿಗೆ ನಮ್ಮ ಸುತ್ತಲಿನ ಮದುವೆಗಳಲ್ಲಿ ಅದು ಸವೆಯತೊಡಗಿತ್ತು.

ಹೊರದೇಶದಲ್ಲಿ ಹಾಗಲ್ಲ ಮಾವ, ನ್ಯೂಯಾರ್ಕಿನ ಡಬ್ಲ್ಯುಕೆಟಿಯು ಅನ್ನುವ ಜಾಹೀರಾತಿನ ನಿಲಯ 1978ರಲ್ಲಿ ಪೂರ್ತಿ ಡಿಸ್ಕೋ ಹಾಕಿಯೇ ಊರಿಗೆ ಮೊದಲನೆಯದಾಯಿತು ಅಂತ ಅವನು ವಾದ ಹೂಡಿದ. ಸರಿ, ಆ ಡಿಸ್ಕೋ ಹುಟ್ಟಿದ್ದೆಲ್ಲಿ ಅಂದೆ. ಕ್ಲಬ್ಬುಗಳಲ್ಲಿ ಅಂದ. ಲಂಡನ್ನಿನ ಕಿಸ್ ಎಫ್‌ಎಂ ಕುಣಿತದ ಸಂಗೀತವನ್ನೇ ಹಾಕುತ್ತಿತ್ತು, 1985ರಿಂದ ಲೈಸೆನ್ಸಿಲ್ಲದೆ ಕದ್ದು ಪ್ರಸಾರ ಮಾಡಿ, ಆಮೇಲೆ ಲೈಸೆನ್ಸ್ ಪಡೆದು 1990ರಲ್ಲಿ ಕಾನೂನಿನ ಪ್ರಕಾರ ಪ್ರಸಾರ ಶುರು ಮಾಡಿತು ಅಂತಲೂ ಅವನೇ ಹೇಳಿದ. ಅಲ್ಲಿಗೆ ನನ್ನ ಮಾತೇ ಗಟ್ಟಿಯಾಯಿತು: ಕಟ್ಟಾ ಕುಣಿತದವರಿಗೆ ಕಾನೂನಿನ ಒಳಗೆ ಜಾಗ ಸಿಗಲು ಅಷ್ಟು ವರ್ಷ ಬೇಕಾಯಿತು. ಅವನು ಒಪ್ಪಲಿಲ್ಲ, ಪಾಯಸ ಹಾಕಿಸಿಕೊಂಡ.

2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಿಗೆ 730 ಖಾಸಗಿ ಎಫ್‌ಎಂ ಚಾನೆಲ್ ಹರಾಜಿಗೆ ಒಪ್ಪಿಗೆ ಕೊಟ್ಟಿತು, ಪಟ್ಟಿಯಲ್ಲಿ ಹಾಸನವೂ ಇದೆ. ಬರಲಿ. ನನ್ನ ಬಾಡಿಗೆಗೆ ಅದರಿಂದ ಏಟೇನೂ ಬೀಳದು. ಏಟು ಬಿದ್ದದ್ದು ಬೇರೆ ಕಡೆಯಿಂದ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆನ್ನುವ 2000ನೇ ಇಸವಿಯ ನಿಯಮ ಬಹಳ ವರ್ಷ ಕಾಗದದ ಮೇಲಿತ್ತು, ಈಗ ಗಣೇಶನ ಹಬ್ಬ ಬಂತೆಂದರೆ ಠಾಣೆಯಲ್ಲಿ ಸಭೆ ಕರೆದು ಡಿಜೆ ಬೇಡ ಅಂತ ಮೊದಲೇ ಹೇಳಿ ಕಳಿಸುತ್ತಾರೆ. ಟೆಂಪೋ ಮೇಲೆ ಬೇಸ್ ಬಾಕ್ಸ್ ಜೋಡಿಸಲು ಸಾಲ ಮಾಡಿದ ಹುಡುಗರು ಕಂತು ಕಟ್ಟಲು ಒದ್ದಾಡುತ್ತಿದ್ದಾರೆ. ಕಮಿಟಿಯವರು ಈ ಸಲ ಮೊದಲು ಅಡ್ವಾನ್ಸ್ ಕೊಟ್ಟದ್ದು ತಮಟೆಯವರಿಗೆ, ಅವರೂ ರೇಟು ಏರಿಸಿದ್ದಾರೆ, ಊಟ ಎಲ್ಲರ ಜೊತೆ ಪಂಕ್ತಿಯಲ್ಲೇ ಅಂತ ಮಾತಾಡಿಕೊಂಡೇ ಒಪ್ಪಿದ್ದಾರೆ. ನನಗೆ ಸಿಕ್ಕಿದ್ದು ಒಂದು ಮೈಕು, ಎರಡು ಹಾರನ್ನಿನ ಆರ್ಡರು. ಅದೂ ಹರಾಜು ಕೂಗುವುದಕ್ಕೆ.