ಕಾಡಿಗಿಳಿದ ಚಿನ್ನಮ್ಮ

ಮಾಚೇನಹಳ್ಳಿಯಲ್ಲಿ ಬೆಳಗಿನ ಬಸ್ಸು ಹತ್ತಿ, ಶಿವಮೊಗ್ಗದಲ್ಲಿ ಬದಲಾಯಿಸಿದರೆ ಮಧ್ಯಾಹ್ನದೊಳಗೆ ಕುಪ್ಪಳಿ ಮುಟ್ಟಬಹುದು. ಅದೇ ಸೀಮೆಯ ಚಿನ್ನಮ್ಮನಿಗೆ ಇದ್ದದ್ದು ಕಾಲುದಾರಿ ಮಾತ್ರ.

ಕುವೆಂಪು 1967ರಲ್ಲಿ ಹೊರತಂದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಹುಡುಗಿ ಅವಳು. ಒಲ್ಲದ ಮದುವೆ ತಪ್ಪಿಸಿಕೊಂಡು, ಮುಕುಂದಯ್ಯನನ್ನು ನಂಬಿ ರಾತ್ರೋರಾತ್ರಿ ಕಾಡಿಗಿಳಿದಳು. ಹುಲಿಗಿಂತ ಮನೆಯವರ ಭಯವೇ ದೊಡ್ಡದು ಅಂತ ನನಗನ್ನಿಸುತ್ತದೆ. ಗುತ್ತಿಯ ಜೊತೆ ಹೊರಟ ತಿಮ್ಮಿಯದು ಇನ್ನೂ ಕಷ್ಟ. ಆಳಿನ ಮಗಳ ಮದುವೆಗೂ ಒಡೆಯನ ಮಾತೇ ಆಗಬೇಕಿತ್ತು.

ಕಥೆಯ ಕಾಲ 1893ರ ಆಸುಪಾಸು. ವಿವೇಕಾನಂದರು ಶಿಕಾಗೋದಲ್ಲಿ ಮಾತಾಡಿದ ವರ್ಷ. ಕಾದಂಬರಿಯಲ್ಲೂ ಆ ಪ್ರಸ್ತಾಪವಿದೆ. ಅದೇ ವರ್ಷ, ಅದೇ ಊರಲ್ಲಿ ಟರ್ನರ್ ಎಂಬ ಇತಿಹಾಸಕಾರ ಅಮೆರಿಕದ ಕಾಡುಗಡಿಯ ಕಾಲ ಮುಗಿಯಿತು ಎಂದಿದ್ದ.

ನಮ್ಮಜ್ಜಿಯನ್ನು ಒಮ್ಮೆ ಕೇಳಿದ್ದೆ, ಮದುವೆಗೆ ನಿನ್ನ ಒಪ್ಪಿಗೆ ಕೇಳಿದ್ರಾ ಅಂತ. ನಕ್ಕು ಒಲೆ ಕಡೆ ತಿರುಗಿದಳು.