ಸಣ್ಣೂರಿನ ಬ್ಯಾಂಕಾ, ವಾಲ್ ಸ್ಟ್ರೀಟಾ? | ದುಡ್ಡಿನ ಚರಿತ್ರೆ, ಭಾಗ 7

ಪ್ಲೇಸ್‌ಮೆಂಟ್ ಶುರುವಾದಾಗಿಂದ ನಮ್ಮ ಕ್ಲಾಸಲ್ಲಿ ಒಂದೇ ಮಾತು: "ದೊಡ್ಡ ಹೆಸರಿನ ಬ್ಯಾಂಕ್ ಸಿಕ್ರೆ ಲೈಫ್ ಸೆಟ್ಲ್ ಕಣೋ." ನಿಜಾನಾ? ಉತ್ತರಕ್ಕೆ ಇವತ್ತು ಅಮೆರಿಕದ ಬಾಲ್ಟಿಮೋರ್‌ಗೆ ಹೋಗೋಣ.

ಮೊದಲೇ ಹೇಳಿಬಿಡ್ತೀನಿ, ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಅಂದ್ರೆ ಪಾಸ್‌ಬುಕ್ ಹಿಡ್ಕೊಂಡು ಹೋಗೋ ಬ್ಯಾಂಕ್ ಅಲ್ಲ. ಕಂಪನಿಗಳ ಷೇರು, ಬಾಂಡ್ ಮಾರಿ ಬಂಡವಾಳ ತಂದುಕೊಡೋದು, ಒಂದು ಕಂಪನಿ ಇನ್ನೊಂದನ್ನ ಕೊಳ್ಳುವಾಗ ಸಲಹೆ ಕೊಡೋದು ಇದರ ಕೆಲಸ.

ಐರ್ಲೆಂಡಿನಿಂದ ಬಂದ ಲಿನನ್ ವ್ಯಾಪಾರಿ ಅಲೆಕ್ಸಾಂಡರ್ ಬ್ರೌನ್ 1800ರಲ್ಲಿ ಬಾಲ್ಟಿಮೋರ್‌ನಲ್ಲಿ ವ್ಯವಹಾರ ಶುರು ಮಾಡಿದ. ಅದೇ ಮುಂದೆ 'ಅಲೆಕ್ಸ್ ಬ್ರೌನ್' ಬ್ಯಾಂಕ್ ಆಯ್ತು. ಗೋಲ್ಡ್‌ಮನ್ ಸ್ಯಾಕ್ಸ್ ಹುಟ್ಟಿದ್ದು 1869ರಲ್ಲಿ. ಅಂದ್ರೆ ಈ ಪ್ರಾದೇಶಿಕ ಬ್ಯಾಂಕೇ 69 ವರ್ಷ ದೊಡ್ಡದು! 1986ರಲ್ಲಿ ಮೈಕ್ರೋಸಾಫ್ಟ್ ಮೊದಲ ಸಲ ಷೇರು ಮಾರಿದಾಗ ಗೋಲ್ಡ್‌ಮನ್ ಪಕ್ಕದಲ್ಲಿದ್ದದ್ದು ಅಲೆಕ್ಸ್ ಬ್ರೌನ್. 1980ರಲ್ಲಿ ಆಪಲ್ ಷೇರು ಮಾರಿದಾಗ ಮಾರ್ಗನ್ ಸ್ಟ್ಯಾನ್ಲಿ ಜೊತೆಗಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೋದ ಹ್ಯಾಂಬ್ರೆಕ್ಟ್ ಅಂಡ್ ಕ್ವಿಸ್ಟ್. ಅದೇ ಊರಿನ ರಾಬರ್ಟ್‌ಸನ್ ಸ್ಟೀಫನ್ಸ್, ಮಾಂಟ್‌ಗೊಮೆರಿ ಸೇರಿಸಿ ಈ ನಾಲ್ಕನ್ನ 'ನಾಲ್ವರು ಕುದುರೆ ಸವಾರರು' ಅಂತಿದ್ರು. ಹೊಸ ಟೆಕ್ ಕಂಪನಿಗಳು ಇನ್ನೂ ಚಿಕ್ಕದಿರುವಾಗಲೇ ಇವರು ಪರಿಚಯ ಮಾಡ್ಕೊಂಡಿದ್ದೇ ಇವರ ಬಲ.

ಆಮೇಲೆ ಕಾನೂನು ಬದಲಾಯ್ತು. 1933ರ ಗ್ಲಾಸ್-ಸ್ಟೀಗಲ್ ಕಾಯ್ದೆ ಠೇವಣಿ ಬ್ಯಾಂಕನ್ನೂ ಷೇರು ವ್ಯವಹಾರವನ್ನೂ ಬೇರೆ ಮಾಡಿತ್ತು. ಕಾಲಕ್ರಮೇಣ ಅದು ಸಡಿಲವಾಗುತ್ತಾ ಬಂತು. ಠೇವಣಿ ಬ್ಯಾಂಕುಗಳ ಅಂಗಸಂಸ್ಥೆಗಳು ಈ ವ್ಯವಹಾರದಿಂದ ಗಳಿಸಬಹುದಾದ ಆದಾಯದ ಮಿತಿಯನ್ನ 1996ರ ಕೊನೆಗೆ ಫೆಡರಲ್ ರಿಸರ್ವ್ 10ರಿಂದ 25 ಪರ್ಸೆಂಟ್‌ಗೆ ಏರಿಸಿತು. 1997ರಲ್ಲೇ ನಾಲ್ವರಲ್ಲಿ ಮೂವರು ಮಾರಾಟ! 1999ರಲ್ಲಿ ನಾಲ್ಕನೆಯದನ್ನ ಚೇಸ್ 135 ಕೋಟಿ ಡಾಲರ್‌ಗೆ ಕೊಂಡಿತು.

ಅಲ್ಲಿದ್ದವರ ಗತಿ? ರಾಬರ್ಟ್‌ಸನ್ ಸ್ಟೀಫನ್ಸ್ ನೋಡಿ. 1997ರಲ್ಲಿ ಬ್ಯಾಂಕ್‌ಅಮೆರಿಕ, 1998ರಲ್ಲಿ ಬ್ಯಾಂಕ್‌ಬಾಸ್ಟನ್, 1999ರಲ್ಲಿ ಫ್ಲೀಟ್. ಕೂತ ಕುರ್ಚಿ ಅದೇ, ಯಜಮಾನರು ಮಾತ್ರ ಮೂವರು. ಡಾಟ್‌ಕಾಮ್ ಗುಳ್ಳೆ ಒಡೆದ ಮೇಲೆ 2002ರಲ್ಲಿ ಬಾಗಿಲಿಗೆ ಬೀಗ.

ಹಾಗಾದ್ರೆ ದೊಡ್ಡದೇ ಸೇಫಾ? 1850ರಲ್ಲಿ ಹುಟ್ಟಿದ ಲೇಮನ್ ಬ್ರದರ್ಸ್ 2008ರ ಸೆಪ್ಟೆಂಬರ್ 15ರಂದು ದಿವಾಳಿ ಅರ್ಜಿ ಹಾಕಿತು. ಆಗ ಸುಮಾರು 25 ಸಾವಿರ ನೌಕರರಿದ್ರು. ಬೋನಸ್ಸನ್ನ ಷೇರಿನ ರೂಪದಲ್ಲಿ ಪಡೆದು ಇಟ್ಟುಕೊಂಡಿದ್ದವರ ಕೈಯಲ್ಲಿ ಉಳಿದದ್ದು ಬರೀ ಕಾಗದ.

ಈಗ ಸಂಬಳಕ್ಕೆ ಬರೋಣ. ದೊಡ್ಡ ಡೀಲ್, ದೊಡ್ಡ ಫೀ, ಅದಕ್ಕೇ ಜಾಗತಿಕ ಬ್ಯಾಂಕಲ್ಲಿ ಮೇಲೆ ಹೋದಂತೆ ಬೋನಸ್ ಜಾಸ್ತಿ. ಪ್ರಾದೇಶಿಕ ಬ್ಯಾಂಕಲ್ಲಿ ಡೀಲ್ ಚಿಕ್ಕದು, ಟೀಮ್ ಚಿಕ್ಕದು. ಆದ್ರೆ ಕ್ಲೈಂಟ್ ಎದುರು ಬೇಗ ಕೂರ್ತೀರಿ, ಮಿಲ್ವಾಕೀ ಬಾಡಿಗೆ ಮ್ಯಾನ್‌ಹಾಟನ್ ಬಾಡಿಗೆಯಲ್ಲ. 2021ರಲ್ಲಿ ಗೋಲ್ಡ್‌ಮನ್‌ನ 13 ಕಿರಿಯ ಅನಲಿಸ್ಟ್‌ಗಳು ವಾರಕ್ಕೆ ಸರಾಸರಿ 95 ಗಂಟೆ ದುಡೀತಿದ್ದೀವಿ ಅಂದ್ರು. ಅದೇ ವರ್ಷ ಮೊದಲ ವರ್ಷದವರ ಮೂಲ ಸಂಬಳ 1,10,000 ಡಾಲರ್ ಆಯ್ತು. ವರ್ಷಪೂರ್ತಿ ಹಾಗೇ ದುಡಿದ್ರೆ, ಬೋನಸ್ ಬಿಟ್ಟು, ಗಂಟೆಗೆ ಸುಮಾರು 22 ಡಾಲರ್.

ನಮ್ಮ ಬೆಂಗಳೂರಿಗೆ ಗೋಲ್ಡ್‌ಮನ್ ಬಂದಿದ್ದು 2004ರಲ್ಲಿ. ಇಲ್ಲಿ ಹೆಸರು ಒಂದೇ ಆದ್ರೂ ಸಂಬಳ ನ್ಯೂಯಾರ್ಕಿನದಲ್ಲ, ಟೆಕ್, ರಿಸ್ಕ್, ಆಪರೇಷನ್ಸ್ ಕೆಲಸಗಳೂ ಬೇಕಾದಷ್ಟಿವೆ. ಹಾಗಾಗಿ "ಯಾವ ಬ್ಯಾಂಕ್" ಅನ್ನೋ ಮುಂಚೆ "ಯಾವ ಟೀಮ್, ಏನು ಕೆಲಸ" ಅಂತ ಕೇಳಿ.

ಇದನ್ನೆಲ್ಲ ಯಾಕೆ ಓದಿದೆ ಗೊತ್ತಾ? ನನಗೂ ಒಂದು ಸಣ್ಣ ಫರ್ಮಿನ ಆಫರ್ ಇದೆ. ಅಮ್ಮನಿಗೆ ಆ ಹೆಸರೇ ಗೊತ್ತಿಲ್ಲ, "ನೆಂಟರಿಗೆ ಏನಂತ ಹೇಳ್ಲಿ" ಅಂತಾಳೆ. ಶುಕ್ರವಾರದೊಳಗೆ ಹೇಳಬೇಕು. ಹೂಂ ಅನ್ನೋಣ ಅಂತಿದ್ದೀನಿ. ಯಾರ ಬೋರ್ಡ್ ಎಷ್ಟು ದಿನ ಇರುತ್ತೋ ಗೊತ್ತಿಲ್ಲ, ಕಲಿತ ಕೆಲಸ ನನ್ನ ಜೊತೆ ಇರುತ್ತೆ.

ನೀವಾಗಿದ್ರೆ? ಕಾಮೆಂಟಲ್ಲಿ ಹೇಳಿ 👇

#ದುಡ್ಡಿನಚರಿತ್ರೆ #ಪ್ಲೇಸ್‌ಮೆಂಟ್ #ಕನ್ನಡದಲ್ಲಿಓದಿ