ತಜಿಕಿಸ್ತಾನ: ಬೆಟ್ಟ, ಹಿಮ, ನೀರು

ಮಧ್ಯ ಏಷ್ಯಾದ ಈ ದೇಶದ ಶೇ 90ಕ್ಕೂ ಹೆಚ್ಚು ಭೂಭಾಗ ಪರ್ವತಮಯ. ಪೂರ್ವಕ್ಕಿರುವ ಪಾಮಿರ್ ಶ್ರೇಣಿಯಲ್ಲಿ ಇಸ್ಮೋಯಿಲ್ ಸೊಮೋನಿ ಶಿಖರ 7,495 ಮೀಟರ್ ಎತ್ತರಕ್ಕೆ ಏರಿದೆ.

ನೀರೇ ಸಂಪತ್ತು
ಇಲ್ಲಿನ ಫೆಡ್ಚೆಂಕೊ ಹಿಮನದಿಯ ಉದ್ದ 70 ಕಿ.ಮೀ.ಗೂ ಹೆಚ್ಚು, ಧ್ರುವಪ್ರದೇಶಗಳನ್ನು ಬಿಟ್ಟರೆ ಜಗತ್ತಿನ ಅತಿ ಉದ್ದದ ಹಿಮನದಿಗಳಲ್ಲಿ ಇದೂ ಒಂದು. ಹಿಮ ಕರಗಿ ತುಂಬಿ ಹರಿಯುವ ವಖ್ಶ್ ಮತ್ತು ಪಂಜ್ ನದಿಗಳು ಕೂಡಿ ಅಮು ದರ್ಯಾ ಆಗುತ್ತವೆ. ಉಜ್ಬೇಕಿಸ್ತಾನ, ತುರ್ಕಮೆನಿಸ್ತಾನಗಳ ಹತ್ತಿ ಹೊಲಗಳಿಗೂ ಇದೇ ನೀರು. ವಖ್ಶ್ ನದಿಯ ನುರೆಕ್ ಅಣೆಕಟ್ಟಿನ ಎತ್ತರ ಸುಮಾರು 300 ಮೀಟರ್. ದೇಶದ ವಿದ್ಯುತ್ತಿನಲ್ಲಿ ಬಹುಪಾಲು ಜಲವಿದ್ಯುತ್ತೇ.

ಭೂಕಂಪ ಕಟ್ಟಿದ ಒಡ್ಡು
1911ರ ಭೂಕಂಪದಲ್ಲಿ ಬೆಟ್ಟವೊಂದು ಕುಸಿದು ಮುರ್ಗಾಬ್ ನದಿಗೆ ಅಡ್ಡಬಿತ್ತು. 500 ಮೀಟರಿಗೂ ಹೆಚ್ಚು ಎತ್ತರದ ಆ ಉಸೋಯ್ ಒಡ್ಡಿನ ಹಿಂದೆ ನಿಂತ ನೀರೇ ಸಾರೆಜ್ ಸರೋವರ. ಒಡ್ಡು ಒಡೆದರೆ ಕೆಳಗಿನ ಕಣಿವೆಯ ಊರುಗಳಿಗೆ ಅಪಾಯವಿರುವುದರಿಂದ ಅದರ ಮೇಲೆ ನಿಗಾ ಇಡಲಾಗಿದೆ.

ನೆಲದೊಳಗೆ
ಬೆಳ್ಳಿ, ಚಿನ್ನ, ಆಂಟಿಮನಿ, ಸೀಸ, ಸತು, ಕಲ್ಲಿದ್ದಲು ಇಲ್ಲಿನ ಮುಖ್ಯ ಖನಿಜಗಳು. ಬದಖ್ಶಾನ್ ಪ್ರದೇಶದ ಕೆಂಪು ಸ್ಪಿನೆಲ್ ಹರಳುಗಳನ್ನು ಬಹುಕಾಲ ಮಾಣಿಕ್ಯವೆಂದೇ ಎಣಿಸಲಾಗಿತ್ತು. ಮೊಘಲ್ ದೊರೆಗಳಿಗೆ ಅವು ಅಚ್ಚುಮೆಚ್ಚು.

ತಾಪಮಾನ ಏರಿದಂತೆ ಪಾಮಿರ್‌ನ ಹಿಮನದಿಗಳು ಕುಗ್ಗುತ್ತಿವೆ. ಅವುಗಳ ರಕ್ಷಣೆ ನದಿಯನ್ನು ನಂಬಿದ ಎಲ್ಲ ನೆರೆನಾಡುಗಳ ಹೊಣೆ.